ಒಂದು ಅಮಾವಾಸ್ಯೆ, ಎರಡು ಮಾನ: ಗಡಿಯ ಕನ್ನಡಿಗರಲ್ಲಿ ಹಿರಿಯರ ದಿನ

‘ಅಮಾವಾಸ್ಯೆ’ ಎಂಬ ಪದಕ್ಕೆ ಒಟ್ಟಿಗೆ ವಾಸಿಸುವುದು ಎಂದು ಅರ್ಥ. ‘ಅಮಾ’ ಎಂದರೆ ಜೊತೆಯಲ್ಲಿ. ಸೂರ್ಯಚಂದ್ರರು ಆಕಾಶದಲ್ಲಿ ಕೂಡುವ ಹೊತ್ತು ಅದು. ಈ ಕೂಟ ಗಣಿತದಿಂದ ಸಿದ್ಧವಾಗುವ ಸಂಗತಿಯಾದ್ದರಿಂದ ಇದರ ವಿಷಯದಲ್ಲಿ ಭಾಷೆಗಳಿಗೂ ರಾಜ್ಯಗಳಿಗೂ ಭೇದ ಬರಬಾರದು. ಆದರೆ 2023ರಲ್ಲಿ ಭೇದ ಬಂದಿತು. ಆ ವರ್ಷ ಕರ್ನಾಟಕದ ಪಂಚಾಂಗಗಳು ಆಷಾಢ ಬಹುಳ ಅಮಾವಾಸ್ಯೆಯನ್ನು ಜುಲೈ 17ರಂದು ಗುರುತಿಸಿದವು. ಕೇರಳದಲ್ಲಿ ಕರ್ಕಟಕ ವಾವು ಬಲಿಯೂ ಅದೇ ದಿನ ನಡೆಯಿತು. ತಮಿಳುನಾಡಿನಲ್ಲಿ ಮಾತ್ರ ಆಡಿ ಅಮಾವಾಸ್ಯೆಯ ತರ್ಪಣವನ್ನು ಹೆಚ್ಚಿನವರು ಆಗಸ್ಟ್ 16ರಂದು ಕೊಟ್ಟರು. ಮರುವರ್ಷ, 2024ರಲ್ಲಿ, ಕೇರಳವು ಆಗಸ್ಟ್ 3ನ್ನು ಹಿಡಿಯಿತು. ಕನ್ನಡ ಮತ್ತು ತಮಿಳು ಪಂಚಾಂಗಗಳು ಆಗಸ್ಟ್ 4ನ್ನು ಹಿಡಿದವು. 2025ರ ಜುಲೈ 24ರಂದು ಮೂರೂ ಒಂದಾದವು.

ಕರ್ನಾಟಕದ ನಡುನಾಡಿನಲ್ಲಿ ಬದುಕುವವರಿಗೆ ಇದು ಪಂಚಾಂಗದ ಒಂದು ಕುತೂಹಲ ಮಾತ್ರ. ಹೊಸೂರು, ತಾಳವಾಡಿ, ಕಾಸರಗೋಡು, ವಯನಾಡುಗಳ ಕನ್ನಡ ಮನೆಗಳಿಗೆ ಅದು ಪ್ರತಿವರ್ಷವೂ ತೀರ್ಮಾನಿಸಬೇಕಾದ ವಿಷಯ. ಸತ್ತವರನ್ನು ಯಾವ ದಿನ ನೆನೆಯಬೇಕು, ಯಾವ ಹೆಸರಿನಿಂದ ಕರೆಯಬೇಕು, ನೆರೆಯವರು ನೀರಿಗಿಳಿಯುವ ದಿನ ತಾವು ದೀಪ ಹಚ್ಚಬೇಕೆ ಎಂಬ ಪ್ರಶ್ನೆಗಳು ಅಲ್ಲಿ ಮನೆಯೊಳಗೇ ಹುಟ್ಟುತ್ತವೆ. ಗಡಿನಾಡಿನ ಇತಿಹಾಸವನ್ನು ನಾವು ಸಾಮಾನ್ಯವಾಗಿ ಶಾಲೆ, ಆಡಳಿತಭಾಷೆ, ಜನಗಣತಿಗಳ ಮೂಲಕ ಬರೆಯುತ್ತೇವೆ. ಅಮಾವಾಸ್ಯೆಯ ಆಚರಣೆಗಳನ್ನು ಆಧಾರವಾಗಿಟ್ಟುಕೊಂಡರೆ ಬೇರೊಂದು ಗಡಿ ಕಾಣುತ್ತದೆ. ಅದು 1956ರಲ್ಲಿ ಎಳೆದ ಗೆರೆಗಿಂತ ಬಹಳ ಹಳೆಯದು. ಆ ಗೆರೆಯೊಡನೆ ಎಲ್ಲಿಯೂ ಪೂರ್ತಿಯಾಗಿ ಹೊಂದುವುದೂ ಇಲ್ಲ.

ಎರಡು ಮಾನಗಳ ಲೆಕ್ಕ

ಕರ್ನಾಟಕದ ಬಯಲುಸೀಮೆ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಬಳಕೆಯಲ್ಲಿರುವುದು ಅಮಾಂತ ಚಾಂದ್ರಮಾನ. ಅಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಆ ತಿಂಗಳಿನೊಳಗೆ ಸೂರ್ಯ ಯಾವ ರಾಶಿಯನ್ನು ಪ್ರವೇಶಿಸುತ್ತಾನೆ ಎಂಬುದರ ಮೇಲೆ ತಿಂಗಳಿನ ಹೆಸರು ನಿಲ್ಲುತ್ತದೆ: ಮೇಷ ಸಂಕ್ರಾಂತಿ ಬೀಳುವುದು ಚೈತ್ರದಲ್ಲಿ, ಕರ್ಕ ಸಂಕ್ರಾಂತಿ ಬೀಳುವುದು ಆಷಾಢದಲ್ಲಿ. ಕೇರಳ, ತಮಿಳುನಾಡು, ತುಳುನಾಡುಗಳ ಸೌರಮಾನದಲ್ಲಿ ಸಂಕ್ರಾಂತಿಯಿಂದ ಸಂಕ್ರಾಂತಿಗೆ ಒಂದು ತಿಂಗಳು. ಸೂರ್ಯ ಕರ್ಕದಲ್ಲಿರುವ ಅವಧಿಯನ್ನೇ ಮಲಯಾಳಿಗಳು ಕರ್ಕಟಕವೆಂದೂ, ತಮಿಳರು ಆಡಿ ಎಂದೂ, ತುಳುವರು ಆಟಿ ಎಂದೂ ಕರೆಯುತ್ತಾರೆ.

ಹೀಗಾಗಿ ಆಷಾಢದ ಕೊನೆಯ ಅಮಾವಾಸ್ಯೆಯೂ ಕರ್ಕಟಕದ ಅಮಾವಾಸ್ಯೆಯೂ ಒಂದೇ ಆಗುವುದು ಆಕಸ್ಮಿಕವಲ್ಲ. ಆಷಾಢವೆಂದರೆ ಕರ್ಕ ಸಂಕ್ರಾಂತಿಯನ್ನು ಒಳಗೊಂಡ ತಿಂಗಳಾದ್ದರಿಂದ, ಅದು ಮುಗಿಯುವಾಗ ಸೂರ್ಯ ಕರ್ಕದಲ್ಲಿಯೇ ಇರಬೇಕು. ತೊಡಕು ಬರುವುದು ಒಂದೇ ಸೌರಮಾಸದಲ್ಲಿ ಎರಡು ಅಮಾವಾಸ್ಯೆಗಳು ಬಿದ್ದಾಗ. 2023ರ ಜುಲೈ 17ರ ಬೆಳಗಿನ ಹೊತ್ತಿಗೆ ಸೂರ್ಯ ಕರ್ಕಕ್ಕೆ ಬಂದಿದ್ದ, ಆ ನಡುರಾತ್ರಿಗೆ ಅಮಾವಾಸ್ಯೆ ಮುಗಿಯಿತು. ಆಗಸ್ಟ್ 17ರಂದು ಸೂರ್ಯ ಸಿಂಹಕ್ಕೆ ಹೋಗುವ ಮೊದಲು, ಆಗಸ್ಟ್ 16ರಂದು, ಮತ್ತೊಂದು ಅಮಾವಾಸ್ಯೆ ಬಂದಿತು. ಚಾಂದ್ರಮಾನಕ್ಕೆ ಇದರ ಪರಿಹಾರ ಸಿದ್ಧವಾಗಿದೆ. ಸಂಕ್ರಾಂತಿಯಿಲ್ಲದ ನಡುವಿನ ತಿಂಗಳು ಅಧಿಕ ಶ್ರಾವಣವಾಗುತ್ತದೆ, ಮೊದಲ ಅಮಾವಾಸ್ಯೆಯೇ ಆಷಾಢದ್ದಾಗಿ ಉಳಿಯುತ್ತದೆ. ಸೌರಮಾನಕ್ಕೆ ಎರಡೂ ಕರ್ಕದ ಅಮಾವಾಸ್ಯೆಗಳೇ. ಯಾವುದನ್ನು ಹಿಡಿಯಬೇಕೆಂಬುದನ್ನು ಸಂಪ್ರದಾಯ ತೀರ್ಮಾನಿಸಬೇಕು. ಕೇರಳ ಮೊದಲನೆಯದನ್ನು ಹಿಡಿಯಿತು, ತಮಿಳುನಾಡು ಬಹುಪಾಲು ಎರಡನೆಯದನ್ನು. 2024ರ ಭೇದ ಬೇರೆ ಬಗೆಯದು. ತಿಥಿ ಆಗಸ್ಟ್ 3ರ ಮಧ್ಯಾಹ್ನದ ಮೇಲೆ ಆರಂಭವಾಗಿ 4ರ ಸಂಜೆಗೆ ಮುಗಿಯಿತು. ಕೇರಳದ ಗಣನೆಗೆ ಆರಂಭದ ದಿನ ಸಂದಿತು, ಸೂರ್ಯೋದಯಕ್ಕೆ ಇರುವ ತಿಥಿಯನ್ನು ಎಣಿಸುವವರಿಗೆ ಮರುದಿನ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಭಾಷೆಯ ಗಡಿಯೂ ಮಾನದ ಗಡಿಯೂ ಒಂದೇ ಅಲ್ಲ. ಘಟ್ಟದ ಕೆಳಗಿನ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಕರ್ನಾಟಕದಲ್ಲಿದ್ದೂ ಸೌರಮಾನಕ್ಕೆ ಸೇರಿವೆ. ಕಾಸರಗೋಡು ಅವುಗಳದೇ ಮುಂದುವರಿಕೆ. ಅಲ್ಲಿನ ಕನ್ನಡಿಗ ಭಾಷೆಯಿಂದ ಕರ್ನಾಟಕದವನು, ಕಾಲಗಣನೆಯಿಂದ ತನ್ನ ಮಲಯಾಳಿ ನೆರೆಯವನೊಡನಿರುವವನು. ಹೊಸೂರು, ತಾಳವಾಡಿಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಯುಗಾದಿಯಿಂದ ವರ್ಷವನ್ನೆಣಿಸುವ ಕನ್ನಡ, ತೆಲುಗು ಮನೆಗಳು ಸೌರಮಾನದ ರಾಜ್ಯವೊಂದರೊಳಗೆ ಚಾಂದ್ರಮಾನವನ್ನು ಉಳಿಸಿಕೊಂಡಿವೆ. ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗಗಳಲ್ಲಿ ಭಾಷೆ ಬದಲಾದರೂ ಮಾನ ಬದಲಾಗುವುದಿಲ್ಲ. ಒಂದೇ ಮಾತಿನಲ್ಲಿ ‘ಗಡಿನಾಡು’ ಎನ್ನುವ ನಮ್ಮ ರೂಢಿ ಈ ಮೂರು ಬಗೆಯ ಅನುಭವಗಳನ್ನು ಬೆರೆಸಿಬಿಡುತ್ತದೆ.

ನೀರು ಮತ್ತು ದೀಪ

ಈ ಒಂದು ಅಮಾವಾಸ್ಯೆಯ ದಿನ ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಏನೇನು ನಡೆಯುತ್ತದೆ ಎಂದು ನೋಡಿದರೆ ಮಾನದ ಗಡಿ ಆಚರಣೆಯಲ್ಲಿಯೂ ಕಾಣಿಸುತ್ತದೆ. ಬೇಕಲದ ಹತ್ತಿರದ ತೃಕ್ಕಣ್ಣಾಡಿನಲ್ಲಿ ತ್ರ್ಯಂಬಕೇಶ್ವರ ದೇವಾಲಯದ ಎದುರಿನ ಕಡಲತಡಿಯಲ್ಲಿ ಜನ ಸಾಲುಗಟ್ಟಿ ಬಲಿ ಇಡುತ್ತಾರೆ. ವಯನಾಡಿನ ತಿರುನೆಲ್ಲಿಯಲ್ಲಿ, ಭಾಸ್ಕರ ರವಿವರ್ಮನ ತಾಮ್ರಪಟಗಳಿಂದ ಪ್ರಾಚೀನತೆ ತಿಳಿಯುವ ಆ ಕ್ಷೇತ್ರದಲ್ಲಿ, ಪಾಪನಾಶಿನಿಯ ನೀರಿನಲ್ಲಿ ಪಿಂಡ ಬಿಡುತ್ತಾರೆ. ಭವಾನಿ ಮತ್ತು ಕಾವೇರಿ ಕೂಡುವ ಭವಾನಿಯ ಕೂಡುತುರೈ, ರಾಮೇಶ್ವರದ ಅಗ್ನಿತೀರ್ಥ ಇವು ಆಡಿ ಅಮಾವಾಸ್ಯೆಗೆ ತುಂಬುತ್ತವೆ. ಎಲ್ಲೆಡೆಯೂ ಮುಖ್ಯವಾದದ್ದು ನೀರು, ಎಳ್ಳು, ಅನ್ನ.

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿಗೆ ಹಾಲೆಮರದ ತೊಗಟೆಯನ್ನು, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತಂದು ಅದರ ಕಹಿ ಕಷಾಯ ಕುಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆಟಿ ತಿಂಗಳು ಸತ್ತವರ ತಿಂಗಳೂ ಹೌದು. ಕುಲೆಗಳಿಗೆ, ಎಂದರೆ ಮನೆಯಿಂದ ಅಗಲಿದವರಿಗೆ, ಎಲೆಯಲ್ಲಿ ಬಡಿಸುವುದು, ಮದುವೆಯಾಗದೆ ತೀರಿಕೊಂಡವರಿಗೆ ಕುಲೆಮದುವೆ ಮಾಡಿಸುವುದು ಈ ತಿಂಗಳಿನಲ್ಲಿಯೇ.

ಘಟ್ಟ ಹತ್ತಿದರೆ ಅದೇ ಅಮಾವಾಸ್ಯೆ ಹಳೆಯ ಮೈಸೂರು ಸೀಮೆಯಲ್ಲಿ ಭೀಮನ ಅಮಾವಾಸ್ಯೆ. ಎರಡು ದೀಪದ ಕಂಬಗಳನ್ನು ಶಿವಪಾರ್ವತಿಯರೆಂದು ಪೂಜಿಸಿ, ಹೆಣ್ಣುಮಕ್ಕಳು ಗಂಡನ ಆಯುಷ್ಯವನ್ನು ಬೇಡುತ್ತಾರೆ. ಅಣ್ಣತಮ್ಮಂದಿರು ಹೊಸ್ತಿಲಲ್ಲಿ ಭಂಡಾರ ಒಡೆಯುತ್ತಾರೆ. ತೆಲುಗು ಸೀಮೆಯಲ್ಲಿ ಇದು ಚುಕ್ಕಲ ಅಮಾವಾಸ್ಯೆ, ಅಲ್ಲಿಯೂ ಹೆಂಗಳೆಯರ ವ್ರತದ ದಿನ. ಉತ್ತರ ಕರ್ನಾಟಕದಲ್ಲಿ ನಾಗರ ಅಮಾವಾಸ್ಯೆ; ನಾಲ್ಕು ದಿನ ಕಳೆದರೆ ನಾಗರಪಂಚಮಿ. ಮರಾಠಿ ಮನೆಗಳಲ್ಲಿ ಇದು ದೀಪಗಳ ಅಮಾವಾಸ್ಯೆ: ಮನೆಯಲ್ಲಿರುವ ದೀಪಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು ಪೂಜಿಸುತ್ತಾರೆ. ಸೌರಮಾನದ ಸೀಮೆಯಲ್ಲಿ ಸತ್ತವರಿಗೆ ನೀರು ಕೊಡುವ ದಿನ, ಚಾಂದ್ರಮಾನದ ಸೀಮೆಯಲ್ಲಿ ಇರುವವರಿಗಾಗಿ ದೀಪ ಹಚ್ಚುವ ದಿನ. ಎರಡರ ನಡುವಿನ ಗೆರೆ ಸುಮಾರಾಗಿ ಘಟ್ಟಗಳ ಗುಂಟ ಸಾಗುತ್ತದೆ.

ಹಾಗೆಂದು ಇವೆರಡೂ ಸಂಬಂಧವಿಲ್ಲದ ಲೋಕಗಳಲ್ಲ. ಭೀಮನ ಅಮಾವಾಸ್ಯೆಯ ವ್ರತಕಥೆ ನಡೆಯುವುದು ಹೆಣದ ಮಗ್ಗುಲಲ್ಲಿ. ಸತ್ತ ರಾಜಕುಮಾರನಿಗೆ ಕೊಟ್ಟು ಮದುವೆ ಮಾಡಿದ ಹುಡುಗಿ ಹೊಳೆಯ ದಡದಲ್ಲಿ ಶವದೊಡನೆ ಒಂಟಿಯಾಗಿ ಉಳಿಯುತ್ತಾಳೆ. ಅಂದು ವ್ರತದ ದಿನವೆಂಬುದು ನೆನಪಾಗಿ ಮಣ್ಣಿನಲ್ಲಿಯೇ ದೀಪ ಮಾಡಿ ಪೂಜಿಸುತ್ತಾಳೆ, ಗಂಡ ಎದ್ದು ಕೂರುತ್ತಾನೆ. ಹೊಳೆಯ ದಡ, ಅಮಾವಾಸ್ಯೆ, ಶವ ಇವೆಲ್ಲ ನೆರೆಯವರ ಪಿತೃದಿನದ ಸಾಮಗ್ರಿಯೇ. ಕಥೆ ಅದನ್ನು ತಿರುವಿ ನಿಲ್ಲಿಸಿ, ಸಾವಿನ ದಿನವನ್ನು ಸಾವು ಹಿಂದೆ ಸರಿದ ದಿನವನ್ನಾಗಿ ಮಾಡುತ್ತದೆ. ತಾಳವಾಡಿಯಂಥ ಊರಿನಲ್ಲಿ ಒಂದೇ ಬೀದಿಯ ಒಂದು ಮನೆಯಲ್ಲಿ ದೀಪದ ಕಂಬವೂ ಇನ್ನೊಂದರಲ್ಲಿ ತರ್ಪಣದ ಎಳ್ಳೂ ಇರುವುದನ್ನು ಎರಡು ಸಂಸ್ಕೃತಿಗಳ ಘರ್ಷಣೆಯೆಂದು ಓದಬೇಕಾಗಿಲ್ಲ. ಒಂದೇ ದಿನದ ಭಯಕ್ಕೆ ಕೊಟ್ಟ ಎರಡು ಉತ್ತರಗಳೆಂದು ಓದಬಹುದು.

ಮಹಾಲಯ: ಹಿರಿಯರ ಹಬ್ಬ

ಚಾಂದ್ರಮಾನದ ಸೀಮೆಯಲ್ಲಿ ಹಿರಿಯರ ದೊಡ್ಡ ದಿನ ಬರುವುದು ಎರಡು ತಿಂಗಳ ಬಳಿಕ, ಭಾದ್ರಪದ ಬಹುಳದ ಕೊನೆಗೆ, ಮಹಾಲಯ ಅಮಾವಾಸ್ಯೆಯಂದು. ಇದಕ್ಕೆ ಶಾಸ್ತ್ರ ಕೊಡುವ ಕಾರಣಗಳೂ ಬೇರೆ ಬೇರೆ. ದಕ್ಷಿಣಾಯನ ಪಿತೃಗಳಿಗೆ ಸೇರಿದ್ದೆಂಬ ಎಣಿಕೆಯಂತೆ ಕರ್ಕ ಸಂಕ್ರಾಂತಿಯ ನಂತರದ ಮೊದಲ ಅಮಾವಾಸ್ಯೆ ಸೌರಮಾನದವರಿಗೆ ಮುಖ್ಯವಾಯಿತು. ಅಯನ ತಿರುಗಿದ ಮೇಲೆ ಬರುವ ತೈ ಅಮಾವಾಸ್ಯೆಯೂ ತಮಿಳರಲ್ಲಿ ಅದೇ ಮನ್ನಣೆ ಪಡೆದಿದೆ. ಚಾಂದ್ರಮಾನದವರು ಒಂದು ಪಕ್ಷವನ್ನೇ ಪಿತೃಗಳಿಗೆ ಮೀಸಲಿಟ್ಟು, ಅದರ ಕೊನೆಯ ದಿನವನ್ನು ತಿಥಿ ಗೊತ್ತಿಲ್ಲದವರಿಗೂ ಸಲ್ಲುವ ದಿನವನ್ನಾಗಿ ಮಾಡಿದರು. ಮಹಾಲಯವನ್ನು ತಮಿಳರೂ ಬಲ್ಲರು, ಬಲಿಯ ಬೇರೆ ವಾವುಗಳು ಕೇರಳದಲ್ಲಿಯೂ ಉಂಟು. ಭೇದವಿರುವುದು ಯಾವುದು ಊರಿಗೆ ಊರೇ ಸೇರುವ ದಿನ ಎಂಬುದರಲ್ಲಿ.

ಶಾಸ್ತ್ರದ ಹೆಸರು ಮಹಾಲಯವಾದರೂ ಜನರ ಬಾಯಲ್ಲಿ ಅದು ಹಿರಿಯರ ಹಬ್ಬ, ಮಾರ್ನಮಿ ಅಮಾಸೆ. ಬಹುಪಾಲು ಸಮುದಾಯಗಳಲ್ಲಿ ಪುರೋಹಿತನಿಲ್ಲದೆಯೇ ಅದು ನಡೆಯುತ್ತದೆ. ತೀರಿಕೊಂಡವರಿಗೆ ಇಷ್ಟವಾಗಿದ್ದ ಅಡುಗೆ, ಹೊಸ ಬಟ್ಟೆ, ಎಡೆ, ಬಾಗಿಲು ಮುಚ್ಚಿ ಒಂದಿಷ್ಟು ಹೊತ್ತು ಅವರನ್ನು ಅವರ ಪಾಡಿಗೆ ಬಿಡುವುದು, ಇಷ್ಟೇ ಅದರ ವಿಧಿ. ತೆಲುಗಿನಲ್ಲಿಯೂ ‘ಪೆದ್ದಲು’ ಎಂದರೆ ದೊಡ್ಡವರು, ಹಿರಿಯರು. ತೆಲಂಗಾಣದಲ್ಲಿ ಪಿತೃ ಅಮಾವಾಸ್ಯೆ ‘ಪೆತ್ರಮಾಸ’ ಎಂದಾಗಿದೆ, ಅದೇ ದಿನ ಬತುಕಮ್ಮನ ಹೂವಿನ ಹಬ್ಬವೂ ಮೊದಲಾಗುತ್ತದೆ.

ಮಾತುಗಳ ಎರವಲು ಒಂದೇ ದಿಕ್ಕಿನಲ್ಲಿ ನಡೆದಿಲ್ಲ ಎಂಬುದಕ್ಕೆ ಮಾರ್ಗಶಿರದ ಅಮಾವಾಸ್ಯೆ ಸಾಕ್ಷಿ. ಕಲಬುರಗಿ, ಬೀದರ, ವಿಜಯಪುರಗಳಲ್ಲಿ ಎಳ್ಳ ಅಮಾವಾಸ್ಯೆಯಂದು ರೈತರು ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲುತ್ತಾರೆ. ಇದೇ ಆಚರಣೆ ಲಾತೂರು, ಧಾರಾಶಿವ, ಸೊಲ್ಲಾಪುರ ಸೀಮೆಯ ಮರಾಠಿ ರೈತರಲ್ಲಿಯೂ ಇದೆ. ಅಲ್ಲಿ ಅದರ ಹೆಸರು ‘ವೇಳ ಅಮಾವಾಸ್ಯಾ’, ಆಡುಮಾತಿನಲ್ಲಿ ‘ಯೇಳವಸ’. ‘ವೇಳ’ ಎಂಬ ಮರಾಠಿ ಪದಕ್ಕೆ ಹೊತ್ತು ಎಂಬ ಅರ್ಥವಿರುವುದರಿಂದ ಹೆಸರು ಮರಾಠಿಯದೇ ಎನ್ನಿಸಬಹುದು. ಆದರೆ ‘ಯೇಳವಸ’ದಲ್ಲಿ ಎಳ್ಳ ಅಮಾಸೆಯ ಕನ್ನಡ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ತರ್ಪಣದ ದ್ರವ್ಯವಾದ ಎಳ್ಳು ಹೊಲದ ಹಬ್ಬದ ಹೆಸರಾಗಿ, ಆ ಹೆಸರು ಭಾಷೆ ದಾಟಿ ನಿಂತಿದೆ.

ಯಾರು ಹಿರಿಯರು?

ಮೂರು ಸೀಮೆಗಳಲ್ಲಿ ಸತ್ತವರನ್ನು ಕರೆಯುವ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆಚರಣೆಯ ಆಳದಲ್ಲಿರುವ ಇನ್ನೊಂದು ಭೇದ ಕಾಣುತ್ತದೆ. ‘ಪಿತೃ’ ಎಂದರೆ ತಂದೆ. ಶ್ರಾದ್ಧದ ಮಂತ್ರ ತಂದೆ, ಅಜ್ಜ, ಮುತ್ತಜ್ಜ ಎಂದು ಆರಂಭವಾಗುತ್ತದೆ; ತಾಯಿಯ ಕಡೆಯವರು ಆಮೇಲೆ ಬರುತ್ತಾರೆ. ಮಲಯಾಳದ ‘ಕಾರಣವರ್’, ತುಳುವಿನ ‘ಗುರುಕಾರ್ನವೆರ್’ ಎಂಬಲ್ಲಿರುವ ಹಿರಿಯ ತಂದೆಯಾಗಿರಬೇಕಾಗಿಲ್ಲ. ಮರುಮಕ್ಕತ್ತಾಯ, ಅಳಿಯಸಂತಾನಗಳ ಮನೆಗಳಲ್ಲಿ ಕುಟುಂಬದ ಯಜಮಾನ ತಾಯಿಯ ಅಣ್ಣ ಅಥವಾ ತಮ್ಮ. ಹೀಗಿರುವ ಮನೆಯ ಮಗ ಕಡಲತಡಿಯಲ್ಲಿ ಪುರೋಹಿತ ಹೇಳಿಕೊಟ್ಟಂತೆ ತಂದೆಯ ಹೆಸರು ಹೇಳಿ, ಕುಟುಂಬದ ಮನೆಗೆ ಬಂದು ಮಾವನ ಸಾಲಿನವರಿಗೆ ಎಡೆ ಬಡಿಸಿದರೆ, ಅವನು ಎರಡು ಬಗೆಯ ವಂಶಾವಳಿಗಳಿಗೆ ಒಂದೇ ತಿಂಗಳಿನಲ್ಲಿ ಲೆಕ್ಕ ಒಪ್ಪಿಸಿದಂತಾಗುತ್ತದೆ.

ಕಾನೂನು ಈ ವ್ಯವಸ್ಥೆಯನ್ನು ಹಂತಹಂತವಾಗಿ ಬದಲಿಸಿತು. ಅವಿಭಜಿತ ದಕ್ಷಿಣ ಕನ್ನಡಕ್ಕೆ 1949ರಲ್ಲಿ ಮದರಾಸು ಅಳಿಯಸಂತಾನ ಕಾಯಿದೆ ಬಂದಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ 1975ರ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಯಾಯಿತು. ಆಸ್ತಿ ಹಂಚಿಹೋಯಿತು; ಕುಲೆಗಳಿಗೆ ಬಡಿಸುವ ಎಲೆ ಕುಟುಂಬದ ಮನೆಯಲ್ಲಿಯೇ ಉಳಿಯಿತು. ‘ಹಿರಿಯರು’ ಎಂಬ ಕನ್ನಡ ಪದದ ಬೆಲೆ ತಿಳಿಯುವುದು ಇಲ್ಲಿ. ಅದು ತಂದೆ ಎನ್ನುವುದಿಲ್ಲ, ಮಾವ ಎನ್ನುವುದಿಲ್ಲ, ಗಂಡೋ ಹೆಣ್ಣೋ ಹೇಳುವುದಿಲ್ಲ. ಕಾಸರಗೋಡಿನಂಥ ನಾಲ್ಕಾರು ಭಾಷೆಗಳ ನೆಲದಲ್ಲಿ ಎರಡು ವಂಶಪದ್ಧತಿಗಳ ಜನ ಒಂದೇ ಮಾತಿನೊಳಗೆ ಸೇರಲು ಈ ತೆರಪು ಅವಕಾಶ ಕೊಡುತ್ತದೆ.

ಒಪ್ಪದವರೂ ಮರಳಿ ಬಂದ ದಿನವೂ

ಗಡಿಯ ಕನ್ನಡಿಗರಲ್ಲಿ, ಮುಖ್ಯವಾಗಿ ಸೊಲ್ಲಾಪುರ, ಅಕ್ಕಲಕೋಟೆ, ತಾಳವಾಡಿ, ಬರಗೂರು ಬೆಟ್ಟಗಳಲ್ಲಿ, ಲಿಂಗಾಯತರು ಗಣನೀಯ ಸಂಖ್ಯೆಯಲ್ಲಿದ್ದಾರೆ. 12ನೆಯ ಶತಮಾನದ ಶರಣರು ತಿಥಿವಾರಗಳ ಶುಭಾಶುಭವನ್ನು ನಿರಾಕರಿಸಿದರು. ಸಾವು ಲಿಂಗೈಕ್ಯವಾದ ಮೇಲೆ ಪ್ರೇತಾವಸ್ಥೆಯೇ ಇಲ್ಲ. ಪ್ರೇತವಿಲ್ಲದ ಮೇಲೆ ಪಿಂಡಕ್ಕೆ ಕೆಲಸವಿಲ್ಲ. ಆದರೂ ಅಮಾವಾಸ್ಯೆ ಅವರ ಬದುಕಿನಿಂದ ಹೊರಗುಳಿಯಲಿಲ್ಲ, ಬೇರೆ ರೂಪದಲ್ಲಿ ಬಂದಿತು. ಗದ್ದುಗೆಗಳಿಗೆ ಅಮಾವಾಸ್ಯೆಯ ಪೂಜೆ ಸಲ್ಲುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅಮಾವಾಸ್ಯೆಯ ಎಣ್ಣೆಮಜ್ಜನಕ್ಕೆ ಪ್ರತಿ ತಿಂಗಳೂ ಜನ ಸೇರುತ್ತಾರೆ, ಮಹಾಲಯ ಮತ್ತು ದೀಪಾವಳಿಯ ಅಮಾವಾಸ್ಯೆಗಳಿಗೆ ಬೆಟ್ಟ ತುಂಬುತ್ತದೆ. ಮಾದಪ್ಪನ ಒಕ್ಕಲುಗಳು ರಾಜ್ಯದ ಗಡಿಯ ಎರಡೂ ಕಡೆ ಇದ್ದಾರೆ. ಆಡಿ ಅಮಾವಾಸ್ಯೆಗೆ ತಮಿಳು ನೆರೆಯವರು ಹೊಳೆಯ ಕಡೆಗೆ ಇಳಿಯುವಾಗ ಇವರ ದಾರಿ ಬೆಟ್ಟದ ಕಡೆಗೆ.

ಇದಕ್ಕೂ ಹಿಂದಿನ ಪದರವೊಂದನ್ನು ಶಾಸನಗಳು ತೋರಿಸುತ್ತವೆ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ದಾನಶಾಸನಗಳಲ್ಲಿ ಸಂಕ್ರಾಂತಿ, ವ್ಯತೀಪಾತಗಳಂತೆ ಅಮಾವಾಸ್ಯೆಯೂ ಸೂರ್ಯಗ್ರಹಣವೂ ದಾನದ ನಿಮಿತ್ತಗಳಾಗಿ ಮತ್ತೆ ಮತ್ತೆ ಬರುತ್ತವೆ. ಸೂರ್ಯಗ್ರಹಣವಂತೂ ಅಮಾವಾಸ್ಯೆಯಲ್ಲದೆ ಬೇರೆ ದಿನ ಆಗಲಾರದು. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಸಂಪುಟ ಆ ಸೀಮೆಯಲ್ಲಿ ಕನ್ನಡ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಆಧಾರ ಒದಗಿಸುತ್ತದೆ. ಜೈನರ ಸ್ಮಾರಕಶಾಸನಗಳಲ್ಲಿ ‘ಪರೋಕ್ಷವಿನಯ’ ಎಂಬ ಪದವಿದೆ: ಕಣ್ಣೆದುರು ಇಲ್ಲದವರಿಗೆ ಸಲ್ಲಿಸುವ ವಿನಯ. ಪಿಂಡವನ್ನಾಗಲಿ ಪ್ರೇತವನ್ನಾಗಲಿ ಹೇಳದೆ ಸತ್ತವರ ಋಣವನ್ನು ಒಪ್ಪಿಕೊಳ್ಳುವ ಈ ಮಾತು, ವೈದಿಕ ಶ್ರಾದ್ಧದ ಹೊರಗೂ ಕನ್ನಡದಲ್ಲಿ ಹಿರಿಯರ ಸ್ಮರಣೆಗೆ ತನ್ನದೇ ಭಾಷೆಯಿತ್ತೆಂಬುದನ್ನು ತೋರಿಸುತ್ತದೆ.

ರಜೆಯ ಪಟ್ಟಿ

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದವು. ಐದು ತಿಂಗಳೂ ಕಳೆಯುವ ಮೊದಲೇ, 1957ರ ಮಾರ್ಚ್ 22ರಿಂದ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿ 1955ರ ವರದಿಯಲ್ಲಿ ದೇಶದ ಹಲವು ಪಂಚಾಂಗಗಳನ್ನು ಪರಿಶೀಲಿಸಿ, ಒಂದೇ ಮಧ್ಯರೇಖೆಯ ಗಣನೆಯನ್ನು ಸೂಚಿಸಿತ್ತು. ನೆಲವನ್ನು ಭಾಷೆಯ ಪ್ರಕಾರ ಹಂಚುವ ಕೆಲಸವೂ ಕಾಲವನ್ನು ಒಂದುಮಾಡುವ ಕೆಲಸವೂ ಒಂದೇ ಅವಧಿಯಲ್ಲಿ ನಡೆದವು. ಮೊದಲನೆಯದು ನಿಂತಿತು, ಎರಡನೆಯದನ್ನು ಮನೆಗಳು ಒಪ್ಪಲಿಲ್ಲ.

ಆದರೆ ರಾಜ್ಯಗಳು ಕಾಲವನ್ನು ಬೇರೊಂದು ಬಗೆಯಲ್ಲಿ ಆಳತೊಡಗಿದವು. ಕರ್ನಾಟಕದ ಸರಕಾರಿ ರಜೆಗಳಲ್ಲಿ ಮಹಾಲಯ ಅಮಾವಾಸ್ಯೆಯಿದೆ, ಕೇರಳದ ಪಟ್ಟಿಯಲ್ಲಿ ಕರ್ಕಟಕ ವಾವು ಇದೆ. ಕಾಸರಗೋಡಿನ ಶಾಲೆಗೆ ಹೋಗುವ ಮಗುವಿಗೆ ಹಿರಿಯರ ದಿನವೆಂದರೆ ಯಾವುದು ಎಂಬುದನ್ನು ಈಗ ಮನೆಯ ಜೊತೆಗೆ ರಜೆಯ ಪಟ್ಟಿಯೂ ಕಲಿಸುತ್ತದೆ. ಮಹಾಲಯದಂದು ರಜೆಯಿಲ್ಲದ ಮನೆಯಲ್ಲಿ ಎಡೆ ಸಂಜೆಗೆ ಸರಿಯಬಹುದು, ಭಾನುವಾರಕ್ಕೆ ಸರಿಯಬಹುದು, ಬಿಟ್ಟೂ ಹೋಗಬಹುದು. ತಾಯಿನುಡಿಯ ಶಿಕ್ಷಣಕ್ಕೆ ಕೊಡುವಷ್ಟು ಗಮನವನ್ನು ಭಾಷಾ ಅಲ್ಪಸಂಖ್ಯಾತರ ಕುರಿತ ನಮ್ಮ ಚರ್ಚೆಗಳು ಈ ಸಣ್ಣ ಸರಿದಾಟಕ್ಕೆ ಕೊಟ್ಟಿಲ್ಲ.

ಇದರಿಂದ ಅಧ್ಯಯನದ ಕ್ರಮದಲ್ಲಿಯೂ ಒಂದು ಬದಲಾವಣೆ ಬೇಕಾಗುತ್ತದೆ. ವಾವು ಬಲಿ ಇಡುವ ಕನ್ನಡ ಮನೆಯನ್ನು ‘ಮಲಯಾಳೀಕರಣ’ವಾಯಿತೆಂದೂ, ಆಡಿ ಅಮಾವಾಸ್ಯೆಗೆ ಹೊಳೆಗಿಳಿದವರನ್ನು ‘ತಮಿಳೀಕರಣ’ವಾಯಿತೆಂದೂ ಬರೆಯುವುದು ಸುಲಭ. ಕಾಸರಗೋಡಿನ ಮಟ್ಟಿಗೆ ಆ ಬರಹ ತಪ್ಪಾಗುತ್ತದೆ, ಏಕೆಂದರೆ ಸೌರಮಾನ ಅಲ್ಲಿಗೆ ಕೇರಳ ರಾಜ್ಯದೊಡನೆ ಬಂದದ್ದಲ್ಲ. ಹೊಸೂರು, ತಾಳವಾಡಿಗಳಲ್ಲಿ ಅದು ಸರಿಯಾಗಿರಲೂಬಹುದು, ಅಲ್ಲಿ ಮಾನವೇ ಬೇರೆ. ಸೊಲ್ಲಾಪುರದಲ್ಲಿ ಪ್ರಶ್ನೆಯೇ ಹೀಗೆ ಏಳುವುದಿಲ್ಲ. ಆದುದರಿಂದ ಆಚರಣೆಯೊಂದನ್ನು ದಾಖಲಿಸುವಾಗ ಹಬ್ಬದ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು. ಯಾವ ಮಾನದ ಲೆಕ್ಕದಲ್ಲಿ ದಿನ ಹಿಡಿದರು, ಯಾರ ಹೆಸರು ಹೇಳಿದರು, ತಾಯಿಯ ಸಾಲಿಗೋ ತಂದೆಯ ಸಾಲಿಗೋ, ಎಡೆಯ ಮುಂದೆ ಯಾವ ಭಾಷೆಯಲ್ಲಿ ಕರೆದರು ಎಂಬ ನಾಲ್ಕು ವಿವರಗಳು ಬೇಕು.

ಎರಡು ಮಾನಗಳು ಒಂದೊಂದು ದಾರಿ ಹಿಡಿಯುವ ವರ್ಷಗಳೇ ಇಂಥ ದಾಖಲೆಗೆ ಹೆಚ್ಚು ಅನುಕೂಲ. ಯಾರು ಯಾವ ಲೆಕ್ಕ ಹಿಡಿಯುತ್ತಾರೆಂಬುದು ಆಗ ಬಚ್ಚಿಟ್ಟುಕೊಳ್ಳಲಾರದು. ಅಧಿಕ ಶ್ರಾವಣ ಹತ್ತೊಂಬತ್ತು ವರ್ಷಗಳ ಚಕ್ರದಲ್ಲಿ ಮರಳುತ್ತದೆ: 1985, 2004, 2023. ಇದೇ ಲೆಕ್ಕದಲ್ಲಿ ಮುಂದಿನದು 2042. ಆ ಹೊತ್ತಿಗೆ, 1985ರಲ್ಲಿ ಮನೆಯ ತೀರ್ಮಾನ ತೆಗೆದುಕೊಂಡಿದ್ದ ಅಜ್ಜ ಅಜ್ಜಿಯರೇ ಎಡೆ ಸ್ವೀಕರಿಸುವ ಹಿರಿಯರಾಗಿರುತ್ತಾರೆ. ಅವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳಬೇಕು.